ಬೇರೆಯವರ ಹಾಡು ಹಾಡಲು ಯಾರ ಅನುಮತಿ ಬೇಕು? ವೇದಿಕೆಗೆ ಒಂದು ಲೆಕ್ಕ, ರೆಕಾರ್ಡಿಂಗ್‌ಗೆ ಇನ್ನೊಂದು

2017ರ ಮಾರ್ಚ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕ ಪ್ರವಾಸದಲ್ಲಿದ್ದಾಗ ಇಳಯರಾಜಾ ಅವರ ಕಡೆಯಿಂದ ವಕೀಲರ ನೋಟಿಸ್ ಬಂತು. ಅನುಮತಿ ಪಡೆಯದೆ ತಮ್ಮ ಸಂಯೋಜನೆಗಳನ್ನು ವೇದಿಕೆಯಲ್ಲಿ ಹಾಡಬಾರದು ಎಂಬುದು ಅದರ ಸಾರ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವೊಂದು ‘ಕೆಜಿಎಫ್ 2’ ಚಿತ್ರದ ಸಂಗೀತ ಬಳಸಿದ ದೂರಿನ ಮೇಲೆ ಕಾಂಗ್ರೆಸ್ ಮತ್ತು ಭಾರತ್ ಜೋಡೊ ಯಾತ್ರೆಯ ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ನಿರ್ಬಂಧಿಸಲು ಹೇಳಿತು. ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಆದೇಶವನ್ನು ರದ್ದುಪಡಿಸಿತು. 2024ರಲ್ಲಿ ‘ಮಂಜುಮ್ಮೆಲ್ ಬಾಯ್ಸ್’ ಚಿತ್ರದಲ್ಲಿ ಹಳೆಯ ತಮಿಳು ಹಾಡು ಬಳಸಿದ್ದಕ್ಕೆ ಮತ್ತೆ ಇಳಯರಾಜಾ ಅವರ ನೋಟಿಸ್. ನಿರ್ಮಾಪಕರು ಆಡಿಯೊ ಕಂಪನಿಗಳಿಂದ ಹಕ್ಕು ಪಡೆದಿದ್ದೇವೆ ಎಂದರು.

ಇಂಥ ಸುದ್ದಿ ಬಂದಾಗಲೆಲ್ಲ ಆರ್ಕೆಸ್ಟ್ರಾದವರು, ಕರೋಕೆ ಬಳಗದವರು, ಯೂಟ್ಯೂಬ್‌ನಲ್ಲಿ ಹಾಡು ಹಾಕುವವರು ಗಾಬರಿಯಾಗುತ್ತಾರೆ. ಆದರೆ ಈ ಮೂರು ತಕರಾರುಗಳು ಮೂರು ಬೇರೆ ಬೇರೆ ಬಳಕೆಗೆ ಸಂಬಂಧಿಸಿದವು. ಮೊದಲನೆಯದು ವೇದಿಕೆಯಲ್ಲಿ ಹಾಡಿದ್ದು, ಎರಡನೆಯದು ಮುದ್ರಿತ ಸಂಗೀತವನ್ನು ವಿಡಿಯೊಗೆ ಜೋಡಿಸಿದ್ದು, ಮೂರನೆಯದು ಹಳೆಯ ಹಾಡನ್ನು ಹೊಸ ಸಿನಿಮಾದಲ್ಲಿ ಬಳಸಿದ್ದು. ಕವರ್, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡುವವರು ಸಿಕ್ಕಿಬೀಳುವುದು ಅನುಮತಿ ಕೇಳದೆ ಇದ್ದುದಕ್ಕಷ್ಟೇ ಅಲ್ಲ. ಎಷ್ಟೋ ಸಲ ಅವರು ಅನುಮತಿ ಕೇಳಿರುತ್ತಾರೆ, ಆದರೆ ಅದನ್ನು ಕೊಡುವ ಹಕ್ಕೇ ಇಲ್ಲದವರ ಬಳಿ ಕೇಳಿರುತ್ತಾರೆ.

ಒಂದು ಹಾಡು, ಮೂರು ಸ್ವತ್ತು

1957ರ ಕೃತಿಸ್ವಾಮ್ಯ ಕಾಯ್ದೆ ಹಾಡನ್ನು ಒಂದೇ ವಸ್ತುವಾಗಿ ನೋಡುವುದಿಲ್ಲ. ಸಾಹಿತ್ಯ ಒಂದು ಕೃತಿ, ಅದರ ಕರ್ತೃ ಗೀತರಚನೆಕಾರ. ರಾಗಸಂಯೋಜನೆ ಇನ್ನೊಂದು ಕೃತಿ, ಅದರ ಕರ್ತೃ ಸಂಗೀತ ನಿರ್ದೇಶಕ. ಧ್ವನಿಮುದ್ರಣ ಮೂರನೆಯದು, ಅದರ ಕರ್ತೃ ಅದನ್ನು ಮಾಡಿಸಿದ ನಿರ್ಮಾಪಕ. ಒಂದೇ ಸರ್ವೆ ನಂಬರಿನ ಜಮೀನಿಗೆ ಮೂವರು ಪಾಲುದಾರರಿದ್ದು, ಒಬ್ಬರ ಸಹಿ ಮಾತ್ರ ಹಾಕಿಸಿಕೊಂಡು ಬಂದರೆ ಕ್ರಯಪತ್ರ ಎಷ್ಟು ಗಟ್ಟಿಯೋ, ಹಾಡಿನ ವಿಷಯದಲ್ಲೂ ಅಷ್ಟೇ.

ಗಾಯಕರ ಸ್ಥಾನ ಇವುಗಳಿಂದ ಬೇರೆ. ಅವರಿಗೆ ಪ್ರದರ್ಶಕರ ಹಕ್ಕು ಇದೆ, ತಾವು ಹಾಡಿದ ಮುದ್ರಣದ ವಾಣಿಜ್ಯ ಬಳಕೆಗೆ ರಾಯಧನದ ಹಕ್ಕೂ ಇದೆ. ಆದರೆ ಹಾಡಿನ ಸಾಹಿತ್ಯ, ಸಂಗೀತದ ಮೇಲೆ ಯಾವ ಹಕ್ಕೂ ಇಲ್ಲ. ಎಸ್‌ಪಿಬಿ ತಾವೇ ಹಾಡಿ ಜನಪ್ರಿಯಗೊಳಿಸಿದ ಹಾಡಿಗೂ ನೋಟಿಸ್ ಬರಲು ಕಾರಣ ಇದೇ. ಅಭಿಮಾನಿಗಳಿಗೆ ಅದು ಅನ್ಯಾಯವಾಗಿ ಕಂಡಿತು. ಕಾಯ್ದೆಯ ದೃಷ್ಟಿಯಲ್ಲಿ ಮಾತ್ರ ಮೂಲ ಗಾಯಕರೂ ಮರುಗಾಯನ ಮಾಡುವವರ ಸಾಲಿನಲ್ಲೇ ನಿಲ್ಲುತ್ತಾರೆ.

ನೀವು ಸ್ವಂತ ವಾದ್ಯವೃಂದದೊಂದಿಗೆ ಒಂದು ಚಿತ್ರಗೀತೆ ಹಾಡಿದರೆ ಮೂರನೆಯ ಸ್ವತ್ತನ್ನು, ಅಂದರೆ ಧ್ವನಿಮುದ್ರಣವನ್ನು, ಮುಟ್ಟಿಲ್ಲ. ಮುಟ್ಟಿರುವುದು ಸಾಹಿತ್ಯ ಮತ್ತು ಸಂಗೀತವನ್ನು. ಮೂಲ ಹಾಡಿನ ಎರಡು ಸೆಕೆಂಡ್ ಕೊಳಲನ್ನು ಕತ್ತರಿಸಿ ಸೇರಿಸಿದಿರೋ, ಮೂರನ್ನೂ ಮುಟ್ಟಿದಂತಾಯಿತು. 30 ಸೆಕೆಂಡಿನೊಳಗೆ ಬಳಸಿದರೆ ತೊಂದರೆಯಿಲ್ಲ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಭಾರತದ ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕ ಎಲ್ಲಿಯೂ ಇಲ್ಲ.

ಚಿತ್ರಗೀತೆಯ ಒಡೆಯ ಯಾರು?

ಗೊಂದಲದ ಬೇರು ಇಲ್ಲಿದೆ. ಸಂಬಳ ಅಥವಾ ಸಂಭಾವನೆ ಕೊಟ್ಟು ಬರೆಸಿದ, ರಾಗ ಹಾಕಿಸಿದ ಹಾಡಿನ ಮೊದಲ ಒಡೆಯ ನಿರ್ಮಾಪಕನೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಂದೆ ದಶಕಗಳ ಕಾಲ ನಿರ್ಮಾಪಕರು ಆ ಹಕ್ಕನ್ನು ಇಡಿಯಾಗಿ ಆಡಿಯೊ ಕಂಪನಿಗಳಿಗೆ ಮಾರಿದರು. ಹಾಡು ಎಷ್ಟೇ ಓಡಿದರೂ ಬರೆದವರಿಗೆ, ರಾಗ ಹಾಕಿದವರಿಗೆ ಮೊದಲ ದಿನ ಕೈಗೆ ಬಂದ ಹಣವೇ ಕೊನೆ ಎಂಬ ಸ್ಥಿತಿ.

2012ರ ತಿದ್ದುಪಡಿ ಇದನ್ನು ಬದಲಿಸಲು ಬಂತು. ಚಿತ್ರಮಂದಿರದಲ್ಲಿ ಸಿನಿಮಾದ ಭಾಗವಾಗಿ ಹಾಡು ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಗಳಲ್ಲಿ ಗೀತರಚನೆಕಾರ ಮತ್ತು ಸಂಗೀತ ನಿರ್ದೇಶಕರಿಗೆ ಸಮಪಾಲಿನ ರಾಯಧನ ಸಿಗಬೇಕು, ಅದನ್ನು ಬರೆದುಕೊಟ್ಟು ಬಿಡಲೂ ಬರುವುದಿಲ್ಲ ಎಂದಾಯಿತು. ಖಾಸಗಿ ಎಫ್‌ಎಂ ವಾಹಿನಿಗಳೂ ಈ ರಾಯಧನ ಕೊಡಬೇಕು ಎಂದು 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಹೇಳಿದ್ದು ಇದೇ ತಿದ್ದುಪಡಿಯ ಬಲದ ಮೇಲೆ.

ಆಡಿಯೊ ಕಂಪನಿಗಳ ವಾದ ಸರಳ: ರಾಯಧನ ಸಿಗುವುದು ಬೇರೆ, ಅನುಮತಿ ಕೊಡುವ ಅಧಿಕಾರ ಬೇರೆ, ನಾವು ಹಣ ಕೊಟ್ಟು ಕೊಂಡಿದ್ದೇವೆ, ಅನುಮತಿ ಕೊಡುವವರು ನಾವೇ. ಸಂಯೋಜಕರ ವಾದ: ಧ್ವನಿಮುದ್ರಣವನ್ನು ಮಾರಿದ ಮಾತ್ರಕ್ಕೆ ಸಂಗೀತ ಕೃತಿಯನ್ನೂ ಮಾರಿದಂತಲ್ಲ, ಅದರ ಜೊತೆಗೆ 57ನೇ ಕಲಂನ ನೈತಿಕ ಹಕ್ಕು, ಅಂದರೆ ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕು, ಮಾರಾಟದ ನಂತರವೂ ಕರ್ತೃವಿನಲ್ಲೇ ಉಳಿಯುತ್ತದೆ. ಎರಡೂ ವಾದಗಳಲ್ಲಿ ತಿರುಳಿದೆ. ಒಂದು ನಿರ್ದಿಷ್ಟ ಹಾಡಿಗೆ ಯಾವುದು ಸರಿ ಎಂಬುದು ಆ ಕಾಲದ ಕರಾರುಪತ್ರದಲ್ಲಿ ಏನಿತ್ತು ಎಂಬುದರ ಮೇಲೆ ನಿಲ್ಲುತ್ತದೆ. 1970–80ರ ದಶಕದ ಬಹಳಷ್ಟು ಕರಾರುಗಳಲ್ಲಿ ಅಂತರಜಾಲದ ಪ್ರಸ್ತಾಪ ಇರಲು ಸಾಧ್ಯವೂ ಇರಲಿಲ್ಲ. ಹಾಗಾಗಿ ಹಳೆಯ ಹಾಡು ಹಾಡುವವರಿಗೇ ತಲೆನೋವು ಹೆಚ್ಚು.

ವೇದಿಕೆಯ ಮೇಲೆ: ಲೈಸೆನ್ಸ್ ಪಡೆಯುವವರು ಆಯೋಜಕರು

ಟಿಕೆಟ್ ಇಟ್ಟ ಅಥವಾ ಪ್ರಾಯೋಜಕರಿರುವ ರಸಮಂಜರಿ ಕಾರ್ಯಕ್ರಮಕ್ಕೆ ಬೇಕಾದದ್ದು ಸಾಹಿತ್ಯ–ಸಂಗೀತದ ಸಾರ್ವಜನಿಕ ಪ್ರದರ್ಶನದ ಲೈಸೆನ್ಸ್. ಇದನ್ನು ಕೊಡುವ ನೋಂದಾಯಿತ ಸಂಘ ಐಪಿಆರ್‌ಎಸ್, ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. 1969ರಲ್ಲಿ ಹುಟ್ಟಿದ ಈ ಸಂಘಕ್ಕೆ ಹೊಸ ಕಾನೂನಿನಡಿ 2017ರಲ್ಲಿ ಮರುನೋಂದಣಿ ಸಿಕ್ಕಿತು. ರೂಢಿಯಲ್ಲಿ ಲೈಸೆನ್ಸ್ ಪಡೆಯುವುದು ಗಾಯಕರಲ್ಲ, ಆಯೋಜಕರು. ಅನುಮತಿಯಿಲ್ಲದ ಪ್ರದರ್ಶನಕ್ಕೆ ಲಾಭಕ್ಕಾಗಿ ಸ್ಥಳ ಬಿಟ್ಟುಕೊಟ್ಟವರನ್ನೂ ಕಾಯ್ದೆ ಹೊಣೆಯಾಗಿಸುತ್ತದೆ. ಕೆಲವು ಸಭಾಂಗಣಗಳು ಮುಂಗಡ ತೆಗೆದುಕೊಳ್ಳುವಾಗಲೇ ಲೈಸೆನ್ಸ್ ಪ್ರತಿ ಕೇಳುವುದು ಅದಕ್ಕೇ. ಆದರೂ ಗಾಯಕರು ಒಪ್ಪಂದದಲ್ಲಿ ‘ಲೈಸೆನ್ಸ್ ಜವಾಬ್ದಾರಿ ಆಯೋಜಕರದು’ ಎಂಬ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು. ವೇದಿಕೆಯ ಮೇಲೆ ನಿಂತು ಹಾಡುವವರು ನೋಟಿಸ್ ಕೊಡುವವರ ಕಣ್ಣಿಗೆ ಮೊದಲು ಬೀಳುತ್ತಾರೆ.

ಈ ಲೈಸೆನ್ಸ್‌ಗೆ ಎರಡು ಮಿತಿಗಳಿವೆ. ಸಂಘದ ಸದಸ್ಯರ ಕೃತಿಗಳಿಗಷ್ಟೇ ಅದು ಅನ್ವಯ. ಸದಸ್ಯರಲ್ಲದವರ ಹಾಡಿಗೆ ಅವರನ್ನೇ ನೇರವಾಗಿ ಕೇಳಬೇಕು. ಇನ್ನೊಂದು, ಅದು ಆ ಸಂಜೆಯ ಪ್ರದರ್ಶನಕ್ಕೆ ಮಾತ್ರ. ಅದೇ ಕಾರ್ಯಕ್ರಮವನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿ, ಮರುದಿನ ತುಣುಕುಗಳನ್ನು ಯೂಟ್ಯೂಬ್‌ಗೆ ಹಾಕಿದರೆ ಅದು ಮುದ್ರಣ ಮತ್ತು ಅಂತರಜಾಲ ಪ್ರಸಾರ. ಅದಕ್ಕೆ ಬೇರೆ ಅನುಮತಿ ಬೇಕು.

ಟ್ರ್ಯಾಕ್ ಹಾಕಿ ಹಾಡುವವರಿಗೆ ಇನ್ನೊಂದು ಎಚ್ಚರಿಕೆ. ಕರೋಕೆ ಟ್ರ್ಯಾಕ್ ಕೂಡ ಯಾರೋ ಸ್ಟುಡಿಯೊದಲ್ಲಿ ನುಡಿಸಿ ಮಾಡಿದ ಧ್ವನಿಮುದ್ರಣವೇ. ಮೂಲ ಗಾಯಕರ ಧ್ವನಿ ತೆಗೆದು ಮಾಡಿದ ಮೈನಸ್ ಟ್ರ್ಯಾಕ್ ಆದರೆ ಅದು ಆಡಿಯೊ ಕಂಪನಿಯ ಮುದ್ರಣದ ಭಾಗ. ಟ್ರ್ಯಾಕನ್ನು ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡರೂ ಸಿಕ್ಕಿದ್ದು ಸಾಮಾನ್ಯವಾಗಿ ಮನೆಯಲ್ಲಿ ಹಾಡಿಕೊಳ್ಳುವ ಹಕ್ಕಷ್ಟೇ. ಹೀಗಾಗಿ ವಾದ್ಯದವರನ್ನು ಕೂರಿಸಿಕೊಂಡ ಆರ್ಕೆಸ್ಟ್ರಾಕ್ಕಿಂತ ಟ್ರ್ಯಾಕ್ ಮೇಲೆ ನಡೆಯುವ ಸಂಜೆಗೆ ಒಂದು ಅನುಮತಿ ಹೆಚ್ಚು ಬೇಕು.

ಮುದ್ರಿತ ಸಂಗೀತದ ಶುಲ್ಕ ವಸೂಲಿಯೇ ಈಗ ವ್ಯಾಜ್ಯದಲ್ಲಿದೆ. ಆಡಿಯೊ ಕಂಪನಿಗಳ ಮುದ್ರಣಗಳಿಗೆ ಲೈಸೆನ್ಸ್ ಕೊಡುವ, ಸದ್ಯ ನೋಂದಾಯಿತ ಸಂಘವಲ್ಲದ ಪಿಪಿಎಲ್ ಎಂಬ ಸಂಸ್ಥೆ ತಾನೇ ಲೈಸೆನ್ಸ್ ಕೊಡುವಂತಿಲ್ಲ, ಕೊಡುವುದಾದರೆ ನೋಂದಾಯಿತ ಸಂಘವಾದ ಆರ್‌ಎಂಪಿಎಲ್‌ನ ದರಪಟ್ಟಿಯಂತೆ ನಡೆಯಬೇಕು ಎಂಬ ಅರ್ಥದ ತೀರ್ಪನ್ನು 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ ಕೊಟ್ಟಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ನಿರ್ದೇಶನಕ್ಕೆ ತಡೆ ಕೊಟ್ಟಿತು. ಹೋಟೆಲ್, ಪಬ್‌ಗಳಿಗೆ ಇದು ದೊಡ್ಡ ವಿಷಯ. ಸ್ವತಃ ನುಡಿಸಿ ಹಾಡುವ ತಂಡಕ್ಕೆ ಇದರಿಂದ ವ್ಯತ್ಯಾಸವಾಗದು, ವಿರಾಮದಲ್ಲಿ ಸಿ.ಡಿ. ಹಾಕದಿದ್ದರೆ ಸಾಕು.

ಗಣೇಶನ ಪೆಂಡಾಲ್, ಮದುವೆ ಮನೆ, ಕಾಲೇಜು ವಾರ್ಷಿಕೋತ್ಸವ

52ನೇ ಕಲಂ ಕೊಡುವ ವಿನಾಯಿತಿಗಳನ್ನು ಜನ ತಮಗೆ ಬೇಕಾದಷ್ಟು ಹಿಗ್ಗಿಸಿಕೊಳ್ಳುತ್ತಾರೆ. ಪ್ರಾಮಾಣಿಕ ಧಾರ್ಮಿಕ ವಿಧಿಯ ಸಂದರ್ಭದಲ್ಲಿ, ಹಾಗೂ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭದಲ್ಲಿ ಹಾಡಲು, ಮುದ್ರಿತ ಹಾಡು ಹಾಕಲು ಅನುಮತಿ ಬೇಡ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮವೂ ಇದರಲ್ಲಿ ಸೇರಿದೆ ಎಂದು ಕಾಯ್ದೆಯೇ ಹೇಳುತ್ತದೆ. ಮದುವೆಗಳಿಗೆ ರಾಯಧನ ಕೇಳಬಾರದೆಂದು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಸಾರ್ವಜನಿಕ ಸೂಚನೆಯನ್ನೂ ಹೊರಡಿಸಿತು.

ಹಾಗಾದರೆ ಗಣೇಶೋತ್ಸವ? ಪೂಜೆಯ ಹೊತ್ತಿನ ಭಜನೆಗೆ ವಿನಾಯಿತಿ ಸಿಗುತ್ತದೆ. ಮೂರನೆಯ ದಿನ ರಾತ್ರಿ ಹಣ ಕೊಟ್ಟು ಕರೆಸಿದ ಆರ್ಕೆಸ್ಟ್ರಾ ಹಾಡುವ ಚಿತ್ರಗೀತೆ ‘ಧಾರ್ಮಿಕ ವಿಧಿ’ ಎಂದು ವಾದಿಸುವುದು ಕಷ್ಟ. ಹವ್ಯಾಸಿ ಸಂಘ ಉಚಿತ ಪ್ರವೇಶವಿಟ್ಟು ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೆ ಅದಕ್ಕೆ ಇನ್ನೊಂದು ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಸಾಹಿತ್ಯ–ಸಂಗೀತದ ಪ್ರದರ್ಶನಕ್ಕೆ ಮಾತ್ರ. ಧ್ವನಿಮುದ್ರಣದ ಹೆಸರು ಅದರಲ್ಲಿಲ್ಲ, ಆದ್ದರಿಂದ ಟ್ರ್ಯಾಕ್ ಹಾಕಿದರೆ ಅದರ ಆಸರೆ ಸಿಗದು. ನಗರಸಭೆ ನಡೆಸುವ ಕನ್ನಡ ರಾಜ್ಯೋತ್ಸವ ಅಧಿಕೃತ ಸಮಾರಂಭ. ಬಡಾವಣೆಯ ಸಂಘ ಚಂದಾ ಎತ್ತಿ ಮಾಡುವ ರಾಜ್ಯೋತ್ಸವ ಅಲ್ಲ. ಶಾಲಾ ಕಾಲೇಜಿನಲ್ಲಿ ಸಿಬ್ಬಂದಿ, ವಿದ್ಯಾರ್ಥಿಗಳು ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಹಾಡಬಹುದು. ಮುದ್ರಿತ ಹಾಡು ಹಾಕುವುದಾದರೆ ಪ್ರೇಕ್ಷಕರು ಅವರೇ ಮತ್ತು ಅವರ ಪೋಷಕರಂಥವರು ಮಾತ್ರ ಆಗಿರಬೇಕು. ಪ್ರಾಯೋಜಕರ ಬ್ಯಾನರ್ ಕಟ್ಟಿ ಊರಿಗೆಲ್ಲ ಬಾಗಿಲು ತೆರೆದ ಫೆಸ್ಟ್‌ಗೆ ಈ ರಕ್ಷಣೆ ತೆಳುವಾಗುತ್ತದೆ.

ರೆಕಾರ್ಡ್ ಬಟನ್ ಒತ್ತಿದ ಮೇಲೆ

ಕವರ್ ಹಾಡಿಗೆಂದೇ ಕಾಯ್ದೆಯಲ್ಲಿ ಒಂದು ಕಲಂ ಇದೆ, 31ಸಿ. ಒಡೆಯರು ಒಪ್ಪದಿದ್ದರೂ, ನೋಟಿಸ್ ಕೊಟ್ಟು ರಾಯಧನ ಮುಂಗಡ ಕಟ್ಟಿ ಹಾಡನ್ನು ಮರುಮುದ್ರಿಸುವ ಶಾಸನಬದ್ಧ ಲೈಸೆನ್ಸ್ ಇದು. ಕೇಳಲು ಚೆನ್ನಾಗಿದೆ, ಷರತ್ತುಗಳನ್ನು ನೋಡಿ.

ಮೂಲ ಮುದ್ರಣವಾದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು. 2021ರಲ್ಲಿ ಮೊದಲು ಮುದ್ರಿತವಾದ ಹಾಡಿಗೆ 2027ರ ಜನವರಿ 1ರವರೆಗೆ ಕಾಯಬೇಕು. ಮುದ್ರಿಸುವ ಕನಿಷ್ಠ 15 ದಿನ ಮುಂಚೆ ಒಡೆಯರಿಗೂ ಕೃತಿಸ್ವಾಮ್ಯ ರಿಜಿಸ್ಟ್ರಾರರಿಗೂ ನೋಟಿಸ್ ಕೊಡಬೇಕು. ಹೊದಿಕೆಯ ಮೇಲೆ ಇದು 31ಸಿ ಅಡಿ ಮಾಡಿದ ಕವರ್ ಎಂದು ನಮೂದಿಸಬೇಕು. ಮೂಲ ಗಾಯಕರ ಅಥವಾ ಸಿನಿಮಾದ ಹೆಸರು, ಚಿತ್ರ ಯಾವುದೂ ಇರಕೂಡದು. ಮೊದಲು ಒಡೆಯರ ಒಪ್ಪಿಗೆಯಿಂದ ಆಗಿರದ ಯಾವ ಬದಲಾವಣೆಯನ್ನೂ ಮಾಡುವಂತಿಲ್ಲ, ತಾಂತ್ರಿಕವಾಗಿ ಅನಿವಾರ್ಯವಾದದ್ದನ್ನು ಬಿಟ್ಟು. ಎರಡು ಹಾಡು ಬೆರೆಸುವ ಮ್ಯಾಶಪ್, ನಡುವೆ ರ‍್ಯಾಪ್ ಸೇರಿಸುವುದು ಇಲ್ಲಿಗೇ ಹೊರಗೆ. ಮೂಲದ ಕೊನೆಯ ಮುದ್ರಣ ಯಾವ ಮಾಧ್ಯಮದಲ್ಲಿತ್ತೋ ಅದರಲ್ಲೇ ಹೊರತರಬೇಕು, ಆ ಮಾಧ್ಯಮ ಬಳಕೆ ತಪ್ಪಿದ್ದರೆ ಮಾತ್ರ ವಿನಾಯಿತಿ.

ಎಲ್ಲಕ್ಕಿಂತ ಭಾರವಾದದ್ದು ಪ್ರತಿಗಳ ಲೆಕ್ಕ. ಪ್ರತಿಗಳನ್ನು ಮಾಡುವ ಒಂದೊಂದು ವರ್ಷಕ್ಕೂ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ಪ್ರತಿಗೆ ಒಂದು ರೂಪಾಯಿ ದರ ಎಂದುಕೊಂಡರೂ ಒಂದು ಹಾಡಿಗೆ ವರ್ಷಕ್ಕೆ 50,000 ರೂಪಾಯಿ, ಹಾಡು ಐನೂರು ಜನ ಕೇಳಿದರೂ ಅಷ್ಟೇ. ಕ್ಯಾಸೆಟ್ ವ್ಯಾಪಾರಿಗಳು ಹಿಟ್ ಹಾಡುಗಳನ್ನು ಅಗ್ಗದ ಗಾಯಕರಿಂದ ಹಾಡಿಸಿ ಮಾರುತ್ತಿದ್ದ ಕಾಲದ ಅನುಭವದಿಂದ ರೂಪಿಸಿದ ಕಟ್ಟುಪಾಡು ಇದು. ಮೊದಲು 52ನೇ ಕಲಂನಲ್ಲಿ ಎರಡೇ ವರ್ಷದ ಕಾಯುವಿಕೆ ಇತ್ತು. ಅದನ್ನು ಬಿಗಿ ಮಾಡಿದ್ದು 2012ರಲ್ಲಿ. ಬಿಗಿ ಮಾಡುವಾಗ ಮನೆಯ ಕೋಣೆಯಲ್ಲಿ ಮೈಕ್ ಇಟ್ಟುಕೊಂಡು ಹಾಡುವವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಸ್ಟ್ರೀಮಿಂಗ್‌ನಲ್ಲಿ ‘ಪ್ರತಿ’ ಎಂದರೆ ಏನು ಎಂಬುದಕ್ಕೂ ಈ ಕಲಂನಲ್ಲಿ ಉತ್ತರವಿಲ್ಲ. ಕಲಂ ಹೇಳುವುದು ಧ್ವನಿಮುದ್ರಣದ ಬಗ್ಗೆ ಮಾತ್ರವಾದ್ದರಿಂದ ವಿಡಿಯೊ ಕವರ್ ಇದರ ವ್ಯಾಪ್ತಿಗೇ ಬರುವುದಿಲ್ಲ.

ಕನ್ನಡದ ಮಟ್ಟಿಗೆ ಗಮನಿಸಬೇಕಾದ ಸಣ್ಣ ಸಾಲೊಂದು ಅದೇ ಕಲಂನಲ್ಲಿದೆ. ಒಂದು ಭಾಷೆ ಅಥವಾ ಉಪಭಾಷೆಯ ಪ್ರಸಾರದ ಸಾಧ್ಯತೆ ನೋಡಿಕೊಂಡು 50,000ಕ್ಕಿಂತ ಕಡಿಮೆ ಮಿತಿಯನ್ನು ನಿಗದಿ ಮಾಡಬಹುದು. ಕೃತಿಸ್ವಾಮ್ಯ ಮಂಡಳಿಯ ಕೈಯಲ್ಲಿದ್ದ ಆ ಅಧಿಕಾರ, ನ್ಯಾಯಮಂಡಳಿಗಳು ರದ್ದಾದ ಮೇಲೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಿದೆ. ಕನ್ನಡ, ತುಳು, ಕೊಂಕಣಿ, ಕೊಡವ ಹಾಡುಗಾರರ ಸಂಘಟನೆಗಳಿಗೆ ಹಿಡಿದು ಜಗ್ಗಲು ಇದಕ್ಕಿಂತ ಒಳ್ಳೆಯ ದಾರ ಕಾಯ್ದೆಯಲ್ಲಿ ಇನ್ನೊಂದಿಲ್ಲ.

ಅಮೆರಿಕದಲ್ಲಿ ಸ್ಥಿತಿ ಬೇರೆ. ಅಲ್ಲಿ ಆಡಿಯೊ ಕವರ್‌ಗೆ ಶಾಸನಬದ್ಧ ದರವಿದೆ: ಐದು ನಿಮಿಷದೊಳಗಿನ ಹಾಡಿನ ಪ್ರತಿಯೊಂದಕ್ಕೆ 2022ರವರೆಗೆ 9.1 ಸೆಂಟ್, 2023ರಲ್ಲಿ 12 ಸೆಂಟ್. ಮಾರಿದಷ್ಟಕ್ಕೇ ಕಟ್ಟಿದರೆ ಆಯಿತು. ಸ್ಪಾಟಿಫೈಗೆ ಹಾಡು ತಲುಪಿಸುವ ವಿತರಣಾ ಸಂಸ್ಥೆಗಳು ‘ಕವರ್ ಲೈಸೆನ್ಸ್’ ಎಂದು ಮಾರುವುದು ಹೆಚ್ಚಾಗಿ ಈ ಅಮೆರಿಕದ ಲೈಸೆನ್ಸನ್ನೇ. ಬೆಂಗಳೂರಿನಲ್ಲಿ ಕೂತು ಅದನ್ನು ಕೊಂಡವರು ಭಾರತದ ಕೇಳುಗರಿಗೂ ಅನುಮತಿ ಸಿಕ್ಕಿತೆಂದು ಭಾವಿಸಬಾರದು.

ಯೂಟ್ಯೂಬ್‌ನಲ್ಲಿ ಉಳಿದಿದೆ ಎಂದರೆ ಅನುಮತಿ ಸಿಕ್ಕಿದೆ ಎಂದಲ್ಲ

31ಸಿ ಹೀಗಿದ್ದೂ ಲಕ್ಷಾಂತರ ಕವರ್‌ಗಳು ಯೂಟ್ಯೂಬ್‌ನಲ್ಲಿವೆ. ಕಾರಣ, ಹಕ್ಕುದಾರರು ಬಹಳಷ್ಟು ಸಲ ತೆಗೆಸುವುದರ ಬದಲು ಜಾಹೀರಾತಿನ ಹಣ ತೆಗೆದುಕೊಳ್ಳುತ್ತಾರೆ. ಯೂಟ್ಯೂಬ್‌ನ ಕಂಟೆಂಟ್ ಐಡಿ ಎಂಬ ಸ್ವಯಂಚಾಲಿತ ಪತ್ತೆ ವ್ಯವಸ್ಥೆ ರಾಗದ ಹೋಲಿಕೆಯನ್ನೂ ಪತ್ತೆ ಮಾಡುತ್ತದೆ. ಆಗ ಬರುವುದು ಕ್ಲೇಮ್: ವಿಡಿಯೊ ಉಳಿಯುತ್ತದೆ, ಹಣ ಅವರಿಗೆ ಹೋಗುತ್ತದೆ. ಕೆಲವು ಹಾಡುಗಳಲ್ಲಿ ಒಂದು ಪಾಲು ಹಾಡಿದವರಿಗೂ ಸಿಗುತ್ತದೆ. ಸ್ಟ್ರೈಕ್ ಬೇರೆ ವಿಷಯ. ಹಕ್ಕುದಾರರು ಕಾನೂನಿನ ಪ್ರಕಾರ ತೆಗೆಯಲು ಕೇಳಿದಾಗ ಅದು ಬರುತ್ತದೆ. 90 ದಿನದ ಅವಧಿಯಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಇವತ್ತು ಕ್ಲೇಮ್‌ಗೆ ಸುಮ್ಮನಿದ್ದ ಕಂಪನಿ ನಾಳೆ ನೀತಿ ಬದಲಿಸಿ ತೆಗೆಸಬಹುದು.

ಕ್ಲೇಮ್ ತಪ್ಪು ಎನಿಸಿದರೆ ಆಕ್ಷೇಪ ಸಲ್ಲಿಸಬಹುದು. ಉತ್ತರಿಸಲು ಎದುರಿನವರಿಗೆ 30 ದಿನ ಇರುತ್ತದೆ. ಚಿತ್ರಗೀತೆಗೆ ‘ನನ್ನದೇ ಧ್ವನಿ’ ಎಂದು ಆಕ್ಷೇಪ ಹಾಕುವುದು ವ್ಯರ್ಥ, ಹಟ ಹಿಡಿದರೆ ಕ್ಲೇಮ್ ಸ್ಟ್ರೈಕ್ ಆಗಿ ತಿರುಗೀತು. ಕರ್ನಾಟಕ ಸಂಗೀತದವರ ಸ್ಥಿತಿ ಬೇರೆ. ತ್ಯಾಗರಾಜರ ಕೀರ್ತನೆ ಹಾಡಿದರೂ ಯಾವುದೋ ಕಂಪನಿಯ ಆಲ್ಬಮ್ ಜೊತೆ ತಾಳೆಯಾಗಿ ಕ್ಲೇಮ್ ಬರುವುದುಂಟು. ಅಲ್ಲಿ ಗಟ್ಟಿಯಾಗಿ ಆಕ್ಷೇಪ ಹಾಕಬೇಕು: ವಾಗ್ಗೇಯಕಾರರ ಹೆಸರು, ನಿಧನರಾದ ವರ್ಷ, ರಾಗ, ತಾಳ, ಪಕ್ಕವಾದ್ಯದವರು ಯಾರು, ಮುದ್ರಣ ನಿಮ್ಮದೇ ಎಂಬ ವಿವರ ಬರೆದರೆ ಕೆಲಸ ಸುಲಭ.

ಭಾವಗೀತೆ ಮತ್ತು ದಾಸರ ಪದ

ಸಾಹಿತ್ಯ ಮತ್ತು ಸಂಗೀತದ ಕೃತಿಸ್ವಾಮ್ಯ ಕರ್ತೃ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. ಧ್ವನಿಮುದ್ರಣಕ್ಕೆ ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಕವಿತೆ ಯಾರ ಅಪ್ಪಣೆಯೂ ಬೇಡದೆ ಹಾಡಬಹುದಾದದ್ದು. ಬೇಂದ್ರೆ (1981) 2041ರ ಕೊನೆಯವರೆಗೆ, ಕುವೆಂಪು (1994) 2054ರ ಕೊನೆಯವರೆಗೆ, ಕೆ.ಎಸ್. ನರಸಿಂಹಸ್ವಾಮಿ (2003) 2063ರ ಕೊನೆಯವರೆಗೆ ರಕ್ಷಣೆಯಲ್ಲಿದ್ದಾರೆ.

ರಾಗದ ಲೆಕ್ಕವನ್ನು ಬೇರೆಯೇ ಹಾಕಬೇಕು. ನಾಡಗೀತೆಯೇ ಉದಾಹರಣೆ. ಸಾಹಿತ್ಯ ಒಂದೇ; ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಅವರ ಧಾಟಿಗಳು ಎರಡು. ಅಧಿಕೃತ ಧಾಟಿ ಯಾವುದೆಂಬ ಚರ್ಚೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರದನ್ನು 2 ನಿಮಿಷ 30 ಸೆಕೆಂಡಿನ ಮಿತಿಯೊಂದಿಗೆ ಒಪ್ಪಿಕೊಂಡಿತು. ಅನಂತಸ್ವಾಮಿ ತೀರಿಕೊಂಡದ್ದು 1995ರಲ್ಲಿ, ಅಶ್ವತ್ಥ್ 2009ರಲ್ಲಿ. ಅಂದರೆ ಅವರ ಸಂಯೋಜನೆಗಳು ಕ್ರಮವಾಗಿ 2055 ಮತ್ತು 2069ರ ಕೊನೆಯವರೆಗೆ ಹಕ್ಕಿನಲ್ಲಿರುತ್ತವೆ. ಜಂಟಿ ಸಂಯೋಜನೆಯಾದರೆ ಕೊನೆಗೆ ತೀರಿಕೊಂಡವರಿಂದ ಎಣಿಕೆ: ರಾಜನ್–ನಾಗೇಂದ್ರ ಜೋಡಿಯಲ್ಲಿ ನಾಗೇಂದ್ರ 2000ದಲ್ಲಿ, ರಾಜನ್ 2020ರಲ್ಲಿ ತೀರಿಕೊಂಡರು, ಆದ್ದರಿಂದ 2080ರ ಕೊನೆಯವರೆಗೆ.

ಪುರಂದರದಾಸರ ಪದಕ್ಕೆ ಸಾಹಿತ್ಯದ ಹಕ್ಕು ಯಾರದೂ ಅಲ್ಲ. ಆದರೆ ಇಪ್ಪತ್ತನೆಯ ಶತಮಾನದ ಸಂಯೋಜಕರೊಬ್ಬರು ಅದಕ್ಕೆ ಹೊಸ ಧಾಟಿ ಕಟ್ಟಿದ್ದರೆ ಆ ಧಾಟಿ ಅವರದು. ಪರಂಪರೆಯ ಧಾಟಿ ಎಂದುಕೊಂಡು ಕ್ಯಾಸೆಟ್ ಧಾಟಿ ಹಾಡುವುದು ಭಜನಾ ಮಂಡಳಿಗಳಲ್ಲಿ ತೀರಾ ಸಾಮಾನ್ಯ. ಇನ್ನು 1964ರ ಚಿತ್ರಗೀತೆಯ ಮುದ್ರಣ 2025ರಿಂದ ಮುಕ್ತ ನಿಜ. ಅದರ ಸಾಹಿತ್ಯ, ಸಂಗೀತ ಮುಕ್ತವಾಗಲು ಕರ್ತೃಗಳ ನಿಧನದ ವರ್ಷ ನೋಡಬೇಕು.

ಪೊಲೀಸ್ ಠಾಣೆಯವರೆಗೆ ಹೋಗುವುದೇಕೆ

ಇದು ಸಿವಿಲ್ ತಗಾದೆಯಷ್ಟೇ ಅಲ್ಲ. 63ನೇ ಕಲಂ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಈ ಅಪರಾಧ ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಮತ್ತು ಜಾಮೀನುರಹಿತ ಎಂದು 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದೂರು ನೇರವಾಗಿ ಎಫ್‌ಐಆರ್ ಆಗುವುದು ಸುಲಭವಾಗಿದೆ. ಲಾಭಕ್ಕಾಗಿ ಮಾಡದಿದ್ದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ತಗ್ಗಿಸಬಹುದು. ಹವ್ಯಾಸಿ ಗಾಯಕರ ಮೇಲೆ ಇದನ್ನು ಬಳಸುವುದು ಅಪರೂಪ, ಆದರೆ ನೋಟಿಸ್‌ಗೆ ಉತ್ತರಿಸದೆ ಕೂರುವುದು ಜಾಣತನವಲ್ಲ.

ಅನುಮತಿ ಪತ್ರದಲ್ಲಿ ಏನಿರಬೇಕು

ಮೊದಲು ಹಾಡಿನ ಚಿತ್ರ, ವರ್ಷ, ಗೀತರಚನೆಕಾರ, ಸಂಗೀತ ನಿರ್ದೇಶಕ ಮತ್ತು ಆಡಿಯೊ ಕಂಪನಿಯ ಹೆಸರು ಬರೆದುಕೊಳ್ಳಿ. ಕಂಪನಿಯ ಹೆಸರು ಹಳೆಯ ಸಿ.ಡಿ. ಹೊದಿಕೆಯ ಮೇಲೆ ಅಥವಾ ಅಧಿಕೃತ ಯೂಟ್ಯೂಬ್ ವಿಡಿಯೊದ ವಿವರಣೆಯಲ್ಲಿ ಸಿಗುತ್ತದೆ. ಸಂಗೀತ ನಿರ್ದೇಶಕರು ಫೋನಿನಲ್ಲಿ ‘ಹಾಡ್ಕೊಳ್ಳಪ್ಪ’ ಎಂದದ್ದು ಅನುಮತಿಯಾಗದು. ಕಾಯ್ದೆಯ ಪ್ರಕಾರ ಲೈಸೆನ್ಸ್ ಬರಹದಲ್ಲಿರಬೇಕು, ಅದನ್ನು ಕೊಡುವವರು ಒಡೆಯರಾಗಿರಬೇಕು. ಆಡಿಯೊ ಮಾತ್ರವೋ ವಿಡಿಯೊವೋ, ಯಾವ ಯಾವ ವೇದಿಕೆಗಳು, ಹಣ ಗಳಿಕೆ ಇದೆಯೋ, ಸಾಹಿತ್ಯ ಅಥವಾ ಲಯದಲ್ಲಿ ಏನು ಬದಲಾವಣೆ ಎಂಬುದನ್ನು ನಿಮ್ಮ ಕೋರಿಕೆಯಲ್ಲೇ ಹೇಳಿ. ಚಿತ್ರದ ದೃಶ್ಯಗಳನ್ನು ವಿಡಿಯೊದಲ್ಲಿ ತೋರಿಸುವುದಾದರೆ ಅದಕ್ಕೆ ಚಿತ್ರದ ಹಕ್ಕುದಾರರ ಒಪ್ಪಿಗೆ ಪ್ರತ್ಯೇಕ.

ಪತ್ರ ಕೈಗೆ ಬಂದಾಗ ಎರಡು ಸಾಲುಗಳನ್ನು ಹುಡುಕಿ: ಅವಧಿ ಮತ್ತು ವ್ಯಾಪ್ತಿ. ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದು ಕಾಯ್ದೆ ಭಾವಿಸುತ್ತದೆ. ವ್ಯಾಪ್ತಿ ಬರೆಯದಿದ್ದರೆ ಭಾರತ ಮಾತ್ರ. ಯೂಟ್ಯೂಬ್‌ಗೆ ಹಾಕಿದ ಹಾಡು ಮಸ್ಕತ್‌ನಲ್ಲೂ ನ್ಯೂಜೆರ್ಸಿಯಲ್ಲೂ ಕೇಳಿಸುತ್ತದೆ, ಆದ್ದರಿಂದ ‘ಪ್ರಪಂಚದಾದ್ಯಂತ’ ಎಂದು ಬರೆಸಿಕೊಂಡೇ ಹಣ ಕಟ್ಟಿ.